ಮಾರಿ ತೊಳೆಯದ ಇಪ್ಪತ್ತು ಮಂದಿ

ಡಾಕಪ್ಪ ತೀರಿಕೊಂಡ. ೨೦೦೯ರ ಫೆಬ್ರುವರಿ, ಗುರುವಾರ, ಬೆಳಿಗ್ಗೆ ಎಂಟೂವರೆ, ರಾಣೆಬೆನ್ನೂರು ಬಸ್ ನಿಲ್ದಾಣದ ಹೊರಗೆ. ವಯಸ್ಸು ಐವತ್ಮೂರು. ಹೃದಯಾಘಾತ ಎಂದರು. ಸಂಜೆಯೊಳಗೆ ಮಣ್ಣು ಮಾಡಿಯಾಯಿತು.

ಇಪ್ಪತ್ತಾರು ವರ್ಷ ಅವನು ರಾಣೆಬೆನ್ನೂರಿನ ಒಂದು ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದ. ಊರಿನ ರಕ್ತ, ಕಫ, ಮಲ ಎಲ್ಲ ಅವನ ಕಣ್ಣ ಕೆಳಗೆ ಹಾಯ್ದಿತ್ತು. ಎಲ್ಲವೂ ಜಡ್ಡು ಬಿದ್ದವರದೇ. ಆರೋಗ್ಯವಾಗಿದ್ದವರು ಲ್ಯಾಬಿನ ಮೆಟ್ಟಿಲು ಹತ್ತುವುದಿಲ್ಲವಲ್ಲ. ಹಾಗಾಗಿ ಹೊರಗಿನ ಕಾಲೇಜೊಂದರ ಸಂಶೋಧನಾ ವಿದ್ಯಾರ್ಥಿನಿ ಅರುಣಾ ಬಂದು, ಆರೋಗ್ಯವಂತರ ಬಾಯಲ್ಲಿ, ಕರುಳಲ್ಲಿ ಯಾವ ಯಾವ ಬ್ಯಾಕ್ಟೀರಿಯಾ ವಾಸವಾಗಿವೆ ಎಂದು ನೋಡಬೇಕಿದೆ, ಈ ಕಡೆಯ ಇಪ್ಪತ್ತು ಜನ ಬೇಕು ಎಂದಾಗ, ಡಾಕಪ್ಪ ತನ್ನ ಹುಟ್ಟೂರು ಬ್ಯಾಡಗಿಯ ಹೆಸರು ಹೇಳಿದ. ತನ್ನ ಮಂದಿ ಒಮ್ಮೆಯಾದರೂ ಜಡ್ಡಿಲ್ಲದವರ ಪಟ್ಟಿಯಲ್ಲಿ ಬರಲಿ ಎಂಬುದು ಅವನ ಆಸೆ.

ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರನ್ನು ಗೊತ್ತು ಮಾಡಿದ. ಅವರ ಮುಂದಾಳು ರೇಣುಕವ್ವ. ಮಲದ ಡಬ್ಬಿಗೆ ಯಾರೂ ತಕರಾರು ತೆಗೆಯಲಿಲ್ಲ. ಅದು ಯಾರೂ ನೋಡದ ಕೆಲಸ. ಬಾಯಿಯ ಮಾದರಿಗೆ ಮಾತ್ರ, ಎದ್ದವರೇ ಮಾರಿ ತೊಳೆಯದೆ, ಹಲ್ಲುಜ್ಜದೆ ಬರಬೇಕು ಎಂದು ಮೂರು ಸಲ ಹೇಳಿದ. ಎಲ್ಲರೂ ಹೂಂ ಎಂದರು. ಮರುದಿನ ನಸುಕಿನ ಮಬ್ಬಿನಲ್ಲಿ ಒಬ್ಬೊಬ್ಬರೇ ಬಾಯಿ ತೆರೆದರು. ಹತ್ತಿಕಡ್ಡಿ ಆಡಿಸಿ, ಐಸ್ ಪೆಟ್ಟಿಗೆಯಲ್ಲಿಟ್ಟು ತಂದ.

ಅರುಣಾ ಕಡ್ಡಿಗಳನ್ನು ಬೆಳಕಿಗೆ ಹಿಡಿದಳು. ಹನ್ನೊಂದು ಕಡ್ಡಿಗಳ ಹತ್ತಿ ಕಂದುಬಣ್ಣವಾಗಿತ್ತು. ಮಸೇರಿ, ಹಲ್ಲಿಗೆ ತಿಕ್ಕುವ ಸುಟ್ಟ ತಂಬಾಕಿನ ಪುಡಿ. ಉಳಿದವಕ್ಕೆ ಪೇಸ್ಟಿನ ವಾಸನೆ.

"ಇವು ಆಗಲ್ಲ ಸರ್. ಗುರುವಾರ ನಾನು ವಾಪಸ್ ಹೋಗ್ಬೇಕು. ಅಷ್ಟರಲ್ಲಿ ಸಿಗದಿದ್ರೆ ಕಾಲೇಜಿನವರು ಬ್ಯಾಡಗಿನ ಪಟ್ಟಿಯಿಂದ ಕೈಬಿಡ್ತಾರೆ."

ಬುಧವಾರ ಸಂಜೆ ಡಾಕಪ್ಪ ರೇಣುಕವ್ವನ ಕಟ್ಟೆಯ ಮೇಲೆ ಹೋಗಿ ಕೂತ. ಹೆಂಗಸರೆಲ್ಲ ನೆರೆದರು.

"ತೊಳೀಬ್ಯಾಡ್ರಿ ಅಂತ ಹೇಳಿದ್ನಲ್ಲಬೇ?"

"ಹೇಳಿದ್ರಿ ಅಣ್ಣಾರ" ಎಂದಳು ರೇಣುಕವ್ವ. "ಆದ್ರ ಮಾರಿ ತೊಳೀಲಾರದ ನಾವು ದೇವರ ಮುಂದ ಸೈತ ನಿಂದ್ರಂಗಿಲ್ಲ. ನಿಮ್ಮ ಮುಂದ ನಾರೋ ಬಾಯಿ ತಗೀಬೇಕೇನ್ರಿ?"

"ದೇವರು ಬಾಯಾಗ ಕಡ್ಡಿ ಹಾಕಂಗಿಲ್ಲವ್ವ. ನಾ ಹಾಕ್ತೇನಿ."

ಹೆಂಗಸರು ಸೆರಗು ಮುಚ್ಚಿಕೊಂಡು ನಕ್ಕರು. ಅವನು ನಗಲಿಲ್ಲ.

"ನಿಮ್ಮ ಬಾಯಾಗ, ಹೊಟ್ಟ್ಯಾಗ ಕಣ್ಣಿಗೆ ಕಾಣಲಾರದ ಹುಳದ ಒಂದು ಸಂತೀನ ಕುಂತೈತಿ. ಒಳ್ಳೇವು ಜಾಗಾ ಹಿಡದಾವ, ಅದಕ್ಕ ಜಡ್ಡಿನ ಹುಳಕ್ಕ ಜಾಗಾ ಸಿಗಂಗಿಲ್ಲ. ಮಸೇರಿ ತಿಕ್ಕಿ ಉಗುಳಿದ್ರ ಅರ್ಧಾ ಸಂತಿ ಎದ್ದು ಹೋಗತೈತಿ. ನನಗ ತುಂಬಿದ ಸಂತಿ ಬೇಕು."

"ಅಯ್ಯ ಶಿವನ! ನಲವತ್ತು ವರ್ಷ ದಿನಾ ಉಗುಳೇನಲ್ರಿ ಅವನ್ನ!"

"ಮಧ್ಯಾಹ್ನದೊಳಗ ಮತ್ತ ಬಂದು ಕುಂದರ್ತಾವ ಬಿಡವ್ವ. ಅವೂ ನಿನ್ನಂಗ ಹಟಮಾರಿ."

ರೇಣುಕವ್ವ ಒಂದು ಷರತ್ತು ಹಾಕಿದಳು. "ಹಂಗಾರ ನಾಳೆ ಮದಲ ನೀವು ಮಾರಿ ತೊಳೀಲಾರದ ಬಂದು ನಮ್ಮ ಮುಂದ ಬಾಯಿ ತಗೀರಿ. ಆಮ್ಯಾಲ ನಾವು."

ಸ್ನಾನವಾಗದೆ ಚಹಾ ಸಹ ಕುಡಿಯದ ಮನುಷ್ಯ. ಒಪ್ಪಿಕೊಂಡ.

ಅಂದು ತಂಗಿ ಬೀರವ್ವನ ಮನೆಯಲ್ಲೇ ಉಳಿದ. ಬೆಳಿಗ್ಗೆ ಎಡಗೈ ಸೆಳೆಯುತ್ತಿದೆ ಎಂದ. "ದವಾಖಾನಿಗೆ ನಡಿ ಅಣ್ಣ" ಎಂದು ಬೀರವ್ವ ತಡೆದಳು. ಪೆಟ್ಟಿಗೆ ಮುಟ್ಟಿಸಿ ಹೋಗುತ್ತೇನೆ ಎಂದ.

ರೇಣುಕವ್ವನ ಬಾಗಿಲಲ್ಲಿ ನಿಂತು, ಹುಳುಕು ಹಲ್ಲಿನ ತನ್ನ ಬಾಯನ್ನು ಅಗಲಿಸಿ ತೆರೆದ.

"ಖರೇನ ನಾರತೈತಿ ನೋಡ್ರಿ ಅಣ್ಣಾರ" ಎಂದಳು ಅವಳು. ಆಮೇಲೆ ಸೆರಗು ಸರಿಸಿ, ತನ್ನ ಬಾಯಿ ತೆರೆದಳು. ಅವಳ ಹಿಂದೆ ಉಳಿದವರೂ. ಮಲದ ಹೊಸ ಡಬ್ಬಿಗಳೂ ಬಂದವು. ಈ ಸಲ ಡಾಕಪ್ಪ ಪ್ರತಿ ಕಡ್ಡಿಯನ್ನೂ ಬ್ಯಾಟರಿ ಹಿಡಿದು ನೋಡಿದ.

ರಾಣೆಬೆನ್ನೂರು ಬಸ್ ನಿಲ್ದಾಣದ ಹೊರಗೆ ಅರುಣಾ ಆಟೋದಲ್ಲಿ ಕೂತು ಕಾಯುತ್ತಿದ್ದಳು. ಅವನ ಅಂಗಿ ಬೆನ್ನಿಗೆ ಅಂಟಿತ್ತು.

"ಸರ್, ಏನಾಯ್ತು? ಕೂತ್ಕೊಳ್ಳಿ, ನೀರು ತರ್ತೀನಿ."

"ನೀರು ಆಮ್ಯಾಲ. ಐಸ್ ಕರಗಾಕತ್ತೈತಿ. ಇಪ್ಪತ್ತೂ ಅದಾವ, ಹತ್ತಿ ಬೆಳ್ಳಗ ಐತಿ. ನೀ ನಡಿಯವ್ವ."

ಪೆಟ್ಟಿಗೆಯನ್ನು ಅವಳ ತೊಡೆಯ ಮೇಲಿಟ್ಟ. ಅವಳು ಇಳಿಯಲು ನೋಡಿದಳು. ಡಾಕಪ್ಪ ಬಲಗೈಯಿಂದ ಆಟೋದ ತಗಡಿಗೆ ಎರಡು ಸಲ ಬಡಿದು, "ಹೊಡಿಯಪಾ, ಲಗೂ" ಎಂದ.