ಸ್ಪಾಟಿಂಗ್ ರೂಮಿನ ಕುರ್ಚಿ

ಶಾಂತಿಗ್ರಾಮದಿಂದ ಹಾಸನದ ಗಾರ್ಮೆಂಟ್ಸಿಗೆ ಹೋಗಿಬರುವ ನಮ್ಮ ಬಸ್ಸಿನ ಹೆಂಗಸರಿಗೆಲ್ಲ ನನ್ನ ಕುರ್ಚಿಯ ಮೇಲೆ ಕಣ್ಣಿತ್ತು. ಅವರು ಹೊಲಿಗೆ ಮಿಷನ್ನಿನ ಮುಂದೆ ಬೆನ್ನು ಮುರಿದುಕೊಳ್ಳುವಾಗ ನಾನು ಸ್ಪಾಟಿಂಗ್ ರೂಮಿನಲ್ಲಿ ಕೂತು ಬಟ್ಟೆಯ ಎಣ್ಣೆ ಕಲೆಗೆ ಸ್ಪ್ರೇ ಗನ್ನಿನಿಂದ ಕೆಮಿಕಲ್ ಹೊಡೆಯುತ್ತಿದ್ದೆ. ಕಲೆ ಕಣ್ಣೆದುರೇ ಮಾಯ. ವಾಸನೆ ಸಿಹಿ, ಆ ಸಿಹಿ ನನಗೆ ಇಂದಿಗೂ ಅಸಹ್ಯ. ಬಿಳಿ ಬಟ್ಟೆಗೆ ಧೂಳು ಕೂರುತ್ತದೆಂದು ಕಿಟಕಿ ತೆಗೆಯುವಂತಿರಲಿಲ್ಲ. ಗಾಳಿ ಎಳೆಯುವ ಫ್ಯಾನು ಕೆಟ್ಟು ಯಾವ ಕಾಲವಾಗಿತ್ತೋ.

ಕುರ್ಚಿ ಕೊಟ್ಟ ದಿನವೇ ಸೂಪರ್‌ವೈಸರಮ್ಮ ಕೇಳಿದ್ದರು: "ಏನಾದ್ರೂ ವಿಶೇಷ ಐತೇನವ್ವ? ಇದು ಟ್ರೈಕ್ಲೋರೋಎಥಿಲೀನು, ಬಸುರೀರಿಗೆ ಆಗಾಕಿಲ್ಲ. ಒಟ್ಟೇಲಿರೋ ಮಗೀಗೆ ಮೊದಲ ಮೂರು ತಿಂಗ್ಳೇ ಬಲು ನಾಜೂಕು." ಆಗ ನಿಜಕ್ಕೂ ಏನೂ ಇರಲಿಲ್ಲ.

ಮದುವೆಯಾಗಿ ವರ್ಷಗಟ್ಟಲೆ ಕಾದ ಮೇಲೆ ಮುಟ್ಟು ನಿಂತಿತು. ಅತ್ತೆ ಹಿಗ್ಗಿ ಬಾಯಿಗೆ ಸಕ್ಕರೆ ಹಾಕಿ, ಅದೇ ಕೈಯಲ್ಲಿ ಬಾಯಿ ಮುಚ್ಚಿದರು. "ಮೂರು ತಿಂಗ್ಳು ತುಂಬೋಗಂಟ ಯಾರ್ ತಾವೂ ಉಸುರ್ಬ್ಯಾಡ. ಕಣ್ಣು ಬೀಳ್ತದೆ."

"ಅಲ್ಲಿ ಕೆಮಿಕಲ್ಲು, ಅತ್ತೆ."

"ಮೂಗಿಗೆ ಬಟ್ಟೆ ಕಟ್ಕೊ. ರಜ ಆಕಿದ್ರೆ ಊರಿಗೇ ಗೊತ್ತಾಯ್ತದೆ."

ಸೂಪರ್‌ವೈಸರಮ್ಮ ಮತ್ತೆ ಕೇಳಿದಾಗ ಇಲ್ಲವೆಂದು ತಲೆಯಾಡಿಸಿದೆ. ಹೇಳಿದರೆ ದೃಷ್ಟಿ, ಹೇಳದಿದ್ದರೆ ವಿಷ. ದೃಷ್ಟಿಗಿಷ್ಟಿಯೆಲ್ಲ ನಂಬುತ್ತಿರಲಿಲ್ಲ ಎಂದು ಈಗ ಜಂಬ ಕೊಚ್ಚಬಹುದು. ಆಗ ಚೆನ್ನಾಗಿಯೇ ನಂಬಿದ್ದೆ. ತಲೆ ಸುತ್ತಿದರೆ ಬಸುರಿನದೋ ಕೆಮಿಕಲ್ಲಿನದೋ ತಿಳಿಯುತ್ತಿರಲಿಲ್ಲ. ಬಳಸಿ ಮಿಕ್ಕದ್ದನ್ನು ಕಟ್ಟಡದ ಹಿಂದಿನ ಮಣ್ಣಿಗೆ ಸುರಿಯುತ್ತಿದ್ದರು. ಅದು ನೀರಿಗಿಂತ ಭಾರವಂತೆ, ಇಳಿದು ಇಳಿದು ಅಂತರ್ಜಲ ಸೇರುತ್ತದಂತೆ. ಪಕ್ಕದಲ್ಲೇ ಬೋರ್‌ವೆಲ್, ನಮಗೆ ಕುಡಿಯಲು ಅದೇ ನೀರು. ಉಸಿರು ಬಿಗಿಹಿಡಿದರೂ ಬಾಯಾರಿಕೆ ಬಿಡಬೇಕಲ್ಲ.

ಒಂದು ಮಧ್ಯಾಹ್ನ ತಡೆಯಲಾಗದೆ ಗನ್ನು ಕೆಳಗಿಟ್ಟು ಹೊರಗೆ ಬಂದೆ. ಮಿಷನ್ನುಗಳ ಸದ್ದಿನಲ್ಲಿ ಗುಟ್ಟಾಗಿ ಹೇಳಿದರೆ ಯಾರಿಗೆ ಕೇಳಿಸಬೇಕು? "ನಾನು ಬಸುರಿ!" ಎಂದು ಸೂಪರ್‌ವೈಸರಮ್ಮನ ಮುಂದೆ ಕೂಗಿಯೇಬಿಟ್ಟೆ. ಇಡೀ ಲೈನು ತಿರುಗಿ ನೋಡಿತು. ಸಂಜೆ ಬಸ್ಸು ಊರು ಮುಟ್ಟುವ ಮೊದಲೇ ಸುದ್ದಿ ಅತ್ತೆಗೆ ಮುಟ್ಟಿತ್ತು. ಅವರು ಬೈಯಲಿಲ್ಲ. ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ನನ್ನನ್ನು ಪ್ಯಾಕಿಂಗಿಗೆ ಹಾಕಿದರು. ಆ ಮಗು ಈಗ ಅಂಗನವಾಡಿಗೆ ಹೋಗುತ್ತಾಳೆ, ಚೆನ್ನಾಗಿದ್ದಾಳೆ. ಆದರೂ ಅವಳು ಒಂದು ಮಾತು ತಡವರಿಸಿದರೆ ಸಾಕು, ನನಗೆ ಆ ಸಿಹಿ ವಾಸನೆ ಮೂಗಿಗೆ ಬಡಿದಂತಾಗಿ ಭಯವಾಗುತ್ತದೆ.

ಖಾಲಿಯಾದ ನನ್ನ ಕುರ್ಚಿಗೆ ದಂಡಿಗನಹಳ್ಳಿ ಕಡೆಯ ಹುಡುಗಿಯೊಬ್ಬಳು ಬಂದಳು, ಹೊಸದಾಗಿ ಮದುವೆಯಾದವಳು. ನಾನಿನ್ನೂ ಏಳು ತಿಂಗಳ ಬಸುರಿಯಾಗಿದ್ದಾಗ ಒಂದು ದಿನ ಅವಳು ಊಟದ ಡಬ್ಬಿ ಮುಚ್ಚಿಟ್ಟು ಬೋರ್‌ವೆಲ್ ನೀರಿನ ನಲ್ಲಿಯ ಹತ್ತಿರ ಓಡಿಹೋಗಿ ವಾಂತಿ ಮಾಡಿಕೊಂಡಳು. ಬೆನ್ನು ಸವರುತ್ತ ಕೇಳಿದೆ: "ಏನಾದ್ರೂ ವಿಶೇಷನಾ? ನನ್ ತಾವ ಹೇಳವ್ವ."

ಅವಳು ಸುತ್ತ ನೋಡಿದಳು. ನನ್ನ ಹೊಟ್ಟೆ ನೋಡಿದಳು. ಇಲ್ಲವೆಂದು ತಲೆಯಾಡಿಸಿದಳು. ಬಾಯಿ ತೊಳೆದುಕೊಂಡು, ಅದೇ ನಲ್ಲಿಯ ನೀರು ಕುಡಿದು, ಸ್ಪಾಟಿಂಗ್ ರೂಮಿನೊಳಗೆ ಹೋಗಿ ಬಾಗಿಲು ಹಾಕಿಕೊಂಡಳು.