ತಲೆಯ ಮೇಲೆ ಹೊಲಿಗೆ ಮಶೀನು

...ಅಥವಾ ಅದು ಹೊಲಿಗೆ ಮಶೀನೇ ಆಗಿರಲಿಲ್ಲವೇನೋ. ಆದರೆ ನನಗೆ ಕಂಡದ್ದು ಅದೇ. ಮಟಮಟ ಮಧ್ಯಾಹ್ನ. ಸೋಲಾಪುರ-ಹೈದರಾಬಾದ್ ಹೆದ್ದಾರಿ. ಒಬ್ಬ ಹೆಂಗಸು ಕೈಯಿಂದ ತಿರುಗಿಸುವ ಹೊಲಿಗೆ ಮಶೀನನ್ನು ತಲೆಯ ಮೇಲೆ ಹೊತ್ತು, ಲಾರಿಗಳಿಗೆ ಕೈ ತೋರಿಸಿ ನಿಲ್ಲಿಸಿ, ರಸ್ತೆ ದಾಟುತ್ತಿದ್ದಾಳೆ. ಮಶೀನಿನ ಕೆಳಗೆ ತಲೆಗಿಟ್ಟ ಬಟ್ಟೆಯ ಸಿಂಬಿ ಹಸಿರು ಬಣ್ಣದ್ದು. (ಹಸಿರಿನ ಬಗ್ಗೆ ಮಾತ್ರ ನನ್ನ ಜೊತೆ ವಾದಕ್ಕೆ ಬರಬೇಡಿ.)

ಈ ದೃಶ್ಯವನ್ನು ನಾನು ಹಲೀಮಾ ಆಪಾ ಅವರ ಕಾದಂಬರಿಯಲ್ಲಿ ಓದಿದ್ದೆ. ಓದಿದ್ದೆ ಅಂತ ನಂಬಿದ್ದೆ. ಆಪಾ ಬಸವಕಲ್ಯಾಣದವರು, ನಿವೃತ್ತ ಶಿಕ್ಷಕಿ. ಬರೆದದ್ದು ಒಂದೇ ಕಾದಂಬರಿ. ಈಗ ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಕಾಲೇಜಿನಲ್ಲಿದ್ದಾಗ ಗೆಳತಿಯೊಬ್ಬಳಿಂದ ಇಸಿದುಕೊಂಡು ಓದಿ, ವಾಪಸ್ ಕೊಟ್ಟಿದ್ದೆ.

ಈಗ ನಾನು ಬರೆಯುತ್ತಿರುವ ಕಾದಂಬರಿ ಶುರುವಾಗುವುದೇ ಆ ಹೆಂಗಸಿನಿಂದ. ಅವಳಿಗಾಗಿ ಬಸವಕಲ್ಯಾಣ ಮತ್ತು ಹುಮನಾಬಾದಿನ ನಡುವೆ ಇಲ್ಲದ ಊರೊಂದನ್ನು ಕಟ್ಟಿದ್ದೇನೆ. ನಕಾಶೆ ಬರೆದು ಗೋಡೆಗೆ ಅಂಟಿಸಿದ್ದೇನೆ. ಯಾವ ಓಣಿಗೆ ನಳದ ನೀರು ಮೊದಲು ಬರುತ್ತದೆ, ಯಾವ ಮನೆಯವರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಎಲ್ಲ ಗೊತ್ತು. ರಿಸರ್ಚ್ ಅಂತ ರಿಪೇರಿ ಅಂಗಡಿಯೊಂದರಲ್ಲಿ ಮಶೀನನ್ನು ನನ್ನ ತಲೆಯ ಮೇಲೇ ಇಡಿಸಿಕೊಂಡು ನೋಡಿದ್ದೇನೆ. ("ಬೀಳಸಬ್ಯಾಡ್ರಿ ಮೇಡಂ" ಎಂದರು ಅಂಗಡಿಯವರು. ನನ್ನ ಕುತ್ತಿಗೆಯ ಬಗ್ಗೆ ಏನೂ ಕೇಳಲಿಲ್ಲ.)

ಆಪಾಗೆ ಇದನ್ನಿನ್ನೂ ಹೇಳಿರಲಿಲ್ಲ. ಒಪ್ಪಿದರೆ ಪುಸ್ತಕ ಅವರಿಗೇ ಅರ್ಪಣೆ. ತಮ್ಮ ಕಾದಂಬರಿಯ ಆ ಹೆಂಗಸನ್ನು ಮುಟ್ಟಬೇಡ ಎಂದರೆ ಮೊದಲ ಅಧ್ಯಾಯ ಹೋಯಿತು. ಅದರ ಹಿಂದೆ ಊರೂ ಹೋಯಿತು.

ಹೀಗಿರುವಾಗ ಹುಮನಾಬಾದಿನ ಹೆಣ್ಣುಮಕ್ಕಳ ಓದುಬಳಗವೊಂದು ಆಪಾಗೆ ಸನ್ಮಾನ ಇಟ್ಟುಕೊಂಡಿತು. ಅಭಿನಂದನೆಯ ಮಾತು ನನ್ನದು.

ನಮ್ಮಲ್ಲಿ ಲೇಖಕಿಯರ ಸನ್ಮಾನ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಒಂದು ಶಾಲು. ಒಂದು ಹಣ್ಣಿನ ಬುಟ್ಟಿ. ಮನೆ, ಮಕ್ಕಳನ್ನು ನೋಡಿಕೊಂಡೂ ಬರೆದಿದ್ದಾರೆ ಎಂಬ ದೊಡ್ಡ ಆಶ್ಚರ್ಯ. ಬರೆದದ್ದು ಏನು? ಅದನ್ನು ಯಾರಾದರೂ ಹೇಳುತ್ತಾರಾ? ನಾನು ಹೇಳುತ್ತೇನೆ ಅಂತ ಎದೆಯುಬ್ಬಿಸಿ ಮೈಕ್ ಹಿಡಿದೆ. ಹೆದ್ದಾರಿ, ಲಾರಿ, ಮಶೀನು, ಸಿಂಬಿ, ಒಂದನ್ನೂ ಬಿಡದೆ ವರ್ಣಿಸಿದೆ. ಕನ್ನಡದಲ್ಲಿ ಇಂಥ ಇನ್ನೊಂದು ದೃಶ್ಯವಿಲ್ಲ ಎಂದೆ.

ಮುಂದಿನ ಸಾಲಿನಲ್ಲಿದ್ದ ಚಿಟಗುಪ್ಪದ ಲೆಕ್ಚರರ್ ಒಬ್ಬರು ಕೂತಲ್ಲಿಂದಲೇ ಕೂಗಿದರು. "ಹೌದ್ರಿ ಮೇಡಂ! ಅದನ್ನ ಓದಿ ನಾ ಎಷ್ಟ ಅತ್ತೀನಿ ಅಂತೀರಿ!"

ಆಪಾ ನಿಧಾನಕ್ಕೆ ಎದ್ದು ನನ್ನ ಕೈಯಿಂದ ಮೈಕ್ ತೆಗೆದುಕೊಂಡರು.

"ಭಾಳ ಚಂದ ಹೇಳಿದಿ ಬೇಟಿ. ಆದ್ರ ನನ್ನ ಕಾದಂಬರ್ಯಾಗ ಮಶೀನೇ ಇಲ್ಲಲ್ಲ?"

ತಮಾಷೆ ಅಂದುಕೊಂಡು ಸಭೆ ನಕ್ಕಿತು. ಆಪಾ ನಗಲಿಲ್ಲ. "ಖರೇನ ಹೇಳಾಕತ್ತೇನಿ. ನನಗ ಸೂಜ್ಯಾಗ ದಾರ ಪೋಣಸಾಕ ಸೈತ ಬರಂಗಿಲ್ಲ. ಮಶೀನ್ ಎಲ್ಲಿಂದ ತರ್ಲಿ?"

ಲೆಕ್ಚರರ್ ಅವರ ಮುಖ ನೋಡಬೇಕಿತ್ತು. "ಹಂಗಾದ್ರ ನಾ ಅತ್ತಿದ್ದು ಯಾವ ಪುಸ್ತಕಕ್ಕರಿ?"

ಅವರು ಸುಳ್ಳು ಹೇಳಿದರು ಅಂತ ನೀವು ನಗುತ್ತೀರಿ. ನಾನು ನಗಲಾರೆ. ಅವರಾದರೂ ಒಂದು ವಾಕ್ಯ ಹೇಳಿದರು. ನಾನು ಒಂದು ಊರನ್ನೇ ಕಟ್ಟಿದ್ದೆ.

ಬಸವಕಲ್ಯಾಣಕ್ಕೆ ವಾಪಸಾಗುವ ಬಸ್ಸಿನಲ್ಲಿ ಆಪಾ ಪಕ್ಕದಲ್ಲಿ ಕೂತೆ. ಹಣ್ಣಿನ ಬುಟ್ಟಿ ನನ್ನ ತೊಡೆಯ ಮೇಲೆ. ಬಸ್ಸು ಹೊರಟ ಮೇಲೆ ಅವರು ನನ್ನ ಕಡೆ ತಿರುಗಿದರು.

"ನನ್ನ ಪುಸ್ತಕದಾಗಿಂದ ನಿನಗ ನೆನಪುಳದದ್ದು ಒಂದೇ. ಅದೂ ಅದರಾಗಿಲ್ಲ. ಬ್ಯಾರೆ ಏನರ ನೆನಪದ ಏನು?"

"ನಾಯಕಿ ಟೀಚರ್ ಇದ್ಲಲ್ರಿ ಆಪಾ?"

"ಅದು ನನ್ನ ಮಾರಿ ನೋಡಿ ಹೇಳಿದಿ."

ಬ್ಯಾಗಿನಿಂದ ಪುಸ್ತಕ ತೆಗೆದು ಬುಟ್ಟಿಯ ಮೇಲಿಟ್ಟರು. "ತಗೋ. ಮೊದಲ ಓದು. ಆಮ್ಯಾಲ ಹೊಗಳು."

ನೆನಪಿನ ಮೇಲೆ ನನಗೆ ಮೊದಲಿಂದಲೂ ಅನುಮಾನ. ಬಾಲ್ಯವನ್ನು ಇಸ್ತ್ರಿ ಮಾಡಿ ಮಡಿಚಿಟ್ಟ ಕಥೆಗಳನ್ನು ಓದಿದರೆ ಅದನ್ನೆಲ್ಲ ಹಿಡಿದು ಕೊಡವಬೇಕು ಎನಿಸುತ್ತದೆ. ನನ್ನ ಕಥೆಗಳಲ್ಲಿ ಒಂದೇ ಘಟನೆಯನ್ನು ಮೂವರು ಮೂರು ಥರ ಹೇಳುತ್ತಾರೆ. ಆದರೆ ಆ ಅನುಮಾನವನ್ನು ಬೇರೆಯವರ ನೆನಪಿಗೆ ಅಂತಲೇ ತೆಗೆದಿಟ್ಟಿದ್ದೆ ಅಂತ ಕಾಣುತ್ತದೆ.

ಓದಿದೆ. ಹೆದ್ದಾರಿಯೂ ಇಲ್ಲ, ಹೆಂಗಸೂ ಇಲ್ಲ. ಇದ್ದದ್ದನ್ನು ಈಗ ಹೇಳುತ್ತೇನೆ, ಪುಸ್ತಕವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು. ಮುಡಬಿಯ ಶಾಲೆ. ಟೀಚರ್ ದಿನವೂ ತರಗತಿಗೆ ಬಂದು ಬುರ್ಖಾ ತೆಗೆದು ಗೋಡೆಯ ಗೂಟಕ್ಕೆ ಹಾಕುತ್ತಾಳೆ. ಆಮೇಲೆಯೇ ಮಕ್ಕಳು ಎದ್ದು ನಮಸ್ತೆ ಹೇಳಬೇಕು. ಒಂದು ದಿನ ಅವಳಿಗೆ ವರ್ಗವಾಗುತ್ತದೆ. ಮರುದಿನ ಮಕ್ಕಳು ಎದ್ದು ನಿಂತು, ಖಾಲಿ ಗೂಟದ ಕಡೆ ತಿರುಗಿ ನಮಸ್ತೆ ಹೇಳುತ್ತಾರೆ. ಹೊಸ ಮಾಸ್ತರರು ತಮಗೇ ಅಂದುಕೊಂಡು ಕೂತುಕೊಳ್ಳಿ ಎನ್ನುತ್ತಾರೆ.

ಇದನ್ನು ಮರೆತು ನಾನು ಮಶೀನು ಹೊತ್ತಿದ್ದೆನಾ?

ಆಪಾಗೆ ಫೋನ್ ಮಾಡಿ, ನನ್ನ ಕಾದಂಬರಿ ಆ ಮಶೀನಿನ ಹೆಂಗಸಿನಿಂದಲೇ ಶುರುವಾಗುತ್ತದೆ ಎಂದು ಒಪ್ಪಿಕೊಂಡು, ಗೂಟದ ಬಗ್ಗೆ ಹೇಳಿದೆ. 

"ಹಾಂ. ಇದು ನಂದು," ಎಂದರು. ಆಮೇಲೆ, "ಆ ಮಶೀನಿನಾಕಿನ್ನ ಏನ್ ಮಾಡ್ತಿ?"

"ಬ್ಯಾರೆ ಯಾರೋ ಬರದಿದ್ರ ಹ್ಯಾಂಗ ಇಟ್ಕೊಳ್ಲಿ ಆಪಾ?"

"ಹುಡುಕು. ಸಿಕ್ರ ಬರದಾಕಿ ಹೆಸರು ಹಾಕು. ಸಿಗಲಿಲ್ಲಂದ್ರ ನಿಂದೇ ಅಂತ ತಿಳಕೋ. ಅದಿರ್ಲಿ, ಅಷ್ಟು ಭಾರ ಹೊತ್ಕೊಂಡು ಆಕಿ ಹೊಂಟಿದ್ದರ ಎಲ್ಲಿಗೆ?"

ನಳದ ನೀರಿನ ಸರದಿ ಗೊತ್ತಿದ್ದ ನಾನು ಗೋಡೆಯ ನಕಾಶೆ ನೋಡಿದೆ. ಅವಳು ಹೋಗುವ ಮನೆಯನ್ನೇ ಅದರಲ್ಲಿ ಬರೆದಿರಲಿಲ್ಲ.

ಹುಡುಕುತ್ತಿದ್ದೇನೆ. ಈ ಭಾಗದ ಹೆಣ್ಣುಮಕ್ಕಳು ಬರೆದ ಕಥೆ, ಕಾದಂಬರಿ ಯಾವುದು ಕೈಗೆ ಸಿಕ್ಕರೂ ಮೊದಲ ಪುಟದಿಂದ ಕೊನೆಯವರೆಗೆ ಓದುತ್ತಿದ್ದೇನೆ. ಶಾಲಿಗಿಂತ ಇದು ವಾಸಿ ಅಂತ ಯಾವ ವೇದಿಕೆಯಲ್ಲಾದರೂ ಹೇಳಬಲ್ಲೆ. ನಿಮಗೆಲ್ಲಾದರೂ ಆ ಹೆಂಗಸು ಸಿಕ್ಕಿದ್ದರೆ ತಿಳಿಸಿ. (ಅತ್ತವರು ದಯವಿಟ್ಟು ಪುಟ ಸಂಖ್ಯೆ ಸಮೇತ.)

ನಕಾಶೆ ಗೋಡೆಯ ಮೇಲೇ ಇದೆ. ತೆಗೆಯುವುದಿಲ್ಲ. ಅರ್ಪಣೆಯೂ ಆಪಾಗೇ, ಆ ಗೂಟಕ್ಕಾಗಿ. ಆದರೆ ಹಸಿರು ಸಿಂಬಿಯ ಆ ಹೆಂಗಸು ಯಾರವಳು, ರಸ್ತೆ ದಾಟಿ ಎಲ್ಲಿಗೆ ಹೋದಳು, ನನಗೆ ಗೊತ್ತಿಲ್ಲ.