ನಕ್ಷೆಯಲ್ಲಿಲ್ಲದ ಒಲೆ

ಹೋದ ತಿಂಗಳು ಮಂಡ್ಯದಲ್ಲಿ ನಡೆದ ನಮ್ಮ ಇಲಾಖೆಯ ಸಭೆಯಲ್ಲಿ ಎಲ್ಲರಿಗೂ ಒಂದೊಂದು ಕೈಪಿಡಿ ಕೊಟ್ಟರು. ಆಲೆಮನೆಗಳಿಗೆ ಬಂದಿರುವ ಹೊಸ ನಿಯಮಗಳ ಪುಸ್ತಕ ಅದು. ಅಚ್ಚಿನ ಮಸಿಯ ವಾಸನೆ ಇನ್ನೂ ಆರಿರಲಿಲ್ಲ. ಮೇಲಧಿಕಾರಿ ಮಾತಾಡುತ್ತಿದ್ದರು, ನಾನು ಸುಮ್ಮನೆ ಹಾಳೆ ತಿರುವುತ್ತಿದ್ದೆ. ನಡುವಿನ ಪುಟದಲ್ಲಿ ಒಂದು ಒಲೆಯ ನಕ್ಷೆ ಇತ್ತು. ‘ಶಿಫಾರಸು ಮಾಡಲಾದ ಮಾದರಿ’ ಎಂದು ಮೇಲೆ ದಪ್ಪಕ್ಷರದಲ್ಲಿ ಹಾಕಿದ್ದರು. ಎರಡು ಕೊಪ್ಪರಿಗೆ, ಅವುಗಳ ಕೆಳಗೆ ಸುತ್ತಿಕೊಂಡು ಹೋಗುವ ಉದ್ದನೆಯ ಹೊಗೆದಾರಿ, ಕೊನೆಯಲ್ಲಿ ಕಬ್ಬಿನ ಸಿಪ್ಪೆ ಒಣಗಿಸುವ ಜಾಲರಿ.

ಈ ಒಲೆಯನ್ನು ನಾನು ನೋಡಿದ್ದೆ. ನೋಡಿದ್ದಷ್ಟೇ ಅಲ್ಲ, ನಾನೇ ಕೆಡವಿಸಿದ್ದೆ.

ಆಗ ನನಗೆ ಮದ್ದೂರಿಗೆ ವರ್ಗವಾಗಿ ಒಂದು ವರ್ಷವೂ ಆಗಿರಲಿಲ್ಲ. ಬೆಸಗರಹಳ್ಳಿಯ ಆಚೆ ಒಂದು ಆಲೆಮನೆಯಿತ್ತು. ಗಂಡ ಹೋದಮೇಲೆ ಒಬ್ಬ ಹೆಂಗಸೇ ಅದನ್ನು ನಡೆಸುತ್ತಿದ್ದರು. ಅಲ್ಲಿ ಬೆಲ್ಲದ ಪಾಕ ನೋಡುತ್ತಿದ್ದವರು ಉತ್ತರದ ಯಾವುದೋ ಸೀಮೆಯಿಂದ ಬಂದವರು. ಎಲ್ಲರೂ ಪಾಕದ ಭಾಯಿ ಎನ್ನುತ್ತಿದ್ದರು. ಹೆಂಡತಿ, ಮಗಳ ಜೊತೆ ಆಲೆಮನೆಯ ಪಕ್ಕದ ಶೆಡ್ಡಿನಲ್ಲೇ ಸಂಸಾರ. ಮಗಳು ಊರಿನ ಶಾಲೆಗೆ ಹೋಗುತ್ತಿದ್ದಳು. ವರ್ಷಗಳು ಕಳೆದು, ಅವರು ಆಡುವ ಕನ್ನಡದಲ್ಲಿ ಮದ್ದೂರಿನ ಒರಟೂ ಸೇರಿಹೋಗಿತ್ತು.

ಆ ಕಾಲಕ್ಕೆ ಸುತ್ತಲಿನ ಎಷ್ಟೋ ಆಲೆಮನೆಗಳಲ್ಲಿ ಹಳೇ ಟೈರು ಉರಿಸುತ್ತಿದ್ದರು. ಹಿಂಡಿದ ಸಿಪ್ಪೆ ಹಸಿಯಾಗಿದ್ದರೆ ಹತ್ತುವುದಿಲ್ಲ, ಒಣಗಿಸಲು ಜಾಗವಿಲ್ಲ, ಟೈರು ಸುಲಭಕ್ಕೆ ಸಿಗುತ್ತದೆ. ಭಾಯಿಗೆ ಆ ಹೊಗೆಯಿಂದ ಕೆಮ್ಮು ಹತ್ತಿತ್ತು. ಒಂದು ಬೇಸಿಗೆಯಲ್ಲಿ, ಆಲೆ ನಿಂತಿದ್ದಾಗ, ಅವರು ಒಡತಿಯನ್ನು ಒಪ್ಪಿಸಿ ಹಳೇ ಒಲೆ ಬಿಚ್ಚಿ ಬೇರೆಯದನ್ನೇ ಕಟ್ಟಿದರು. ಹೊರಗೆ ಹೋಗುವ ಬಿಸಿಯನ್ನೇ ಸುತ್ತಿಸಿ ಸಿಪ್ಪೆ ಒಣಗಿಸಿದರು. ಟೈರು ಬೇಕಾಗಲೇ ಇಲ್ಲ. ಬೆಲ್ಲದ ಬಣ್ಣ ತಿಳಿಯಾಯಿತು. ಕಮಟು ವಾಸನೆಯ ಬೆಲ್ಲ ಬೇಡವೆಂದು ಪೇಟೆಯವರು ಹಿಂದಕ್ಕೆ ಕಳಿಸತೊಡಗಿದ್ದ ವರ್ಷ ಅದು. ಅಕ್ಕಪಕ್ಕದ ಆಲೆಮನೆಗಳು ಒಂದೊಂದಾಗಿ ನಿಂತವು, ಇದೊಂದು ನಿಲ್ಲಲಿಲ್ಲ. ದೂರದ ಪೂರಿಗಾಲಿ ಕಡೆಯಿಂದಲೂ ಜನ ಒಲೆ ನೋಡಲು ಬರುತ್ತಿದ್ದರಂತೆ.

ಯಾರೋ ದೂರು ಕೊಟ್ಟರು. ಯಾರೆಂದು ಕೊನೆಗೂ ಗೊತ್ತಾಗಲಿಲ್ಲ… ಪರಿಶೀಲನೆಗೆ ನನ್ನನ್ನು ಕಳಿಸಿದರು.

ಬೆಳಗಿನ ಹೊತ್ತು. ಒಡತಿ ನನ್ನನ್ನು ನೋಡಿದ್ದೇ ಸೊಂಟಕ್ಕೆ ಕೈಕೊಟ್ಟು ನಿಂತರು. “ಟೈರ್ ಉರಿಸ್ತಿದ್ದಾಗ ಒಬ್ರೂ ಇತ್ತಗೆ ತಲೆ ಆಕ್ನಿಲ್ಲ. ಈಗ ನಮ್ ಭಾಯಿ ಒಗೆ ಇಲ್ದಂಗ್ ಮಾಡವ್ನೆ, ಈಗ ಬಂದ್ರೇನಮ್ಮ?”

ಅವರು ಹೇಳಿದ್ದು ನಿಜವೇ ಆಗಿತ್ತು. ನಮ್ಮ ಅನುಮೋದಿತ ಪಟ್ಟಿಯಲ್ಲಿದ್ದದ್ದು ಹಳೇ ಮಾದರಿಯ ಒಲೆ. ಅದರೊಳಗೆ ಏನು ಉರಿಸುತ್ತೀರಿ ಎಂದು ಕೇಳುವ ಕಾಲಂ ಯಾವ ಅರ್ಜಿಯಲ್ಲೂ ಇರಲಿಲ್ಲ. ಹೊಸ ಬಗೆಯದು ಕಟ್ಟಿದರೆ ಪರೀಕ್ಷೆ ಮಾಡಿ ನೋಡಿ ಎಂದು ಕೇಳಿಕೊಳ್ಳುವುದಕ್ಕೂ ದಾರಿಯಿರಲಿಲ್ಲ. ಅದರ ಮೇಲೆ, ಒಲೆ ಕಟ್ಟಿದವರಿಗೆ ಇಲ್ಲಿಯ ವಿಳಾಸದ ದಾಖಲೆ ಒಂದೂ ಇರಲಿಲ್ಲ.

ಭಾಯಿ ಮಾತ್ರ ಹಿಗ್ಗಿನಲ್ಲಿದ್ದರು. ನಾನು ಟೇಪು ತೆಗೆದಾಗ ಓಡಿಬಂದು ಅದರ ಇನ್ನೊಂದು ತುದಿ ಹಿಡಿದುಕೊಂಡರು. ಕೊಪ್ಪರಿಗೆಗಳ ನಡುವಿನ ಅಂತರ ಯಾಕೆ ಹೀಗೆ ಯಾವ ಲೆಕ್ಕಕ್ಕೂ ಸಿಗದಂತಿದೆ ಎಂದು ಕೇಳಿದೆ. ನಕ್ಕು ಬೆರಳು ಅಗಲಿಸಿ ತೋರಿಸಿದರು. “ಟೇಪ್ ಎಲ್ಲಿತ್ತು ಮೇಡಂ? ನಂದೇ ಮೂರು ಗೇಣು.” ನಾನು ಬಿಳಿ ಹಾಳೆಯಲ್ಲಿ ನಕ್ಷೆ ಬಿಡಿಸುವಾಗ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಇದು ಹೀಗಲ್ಲ ಹಾಗೆ ಎಂದು ತಿದ್ದಿಸಿದರು. ಸರ್ಕಾರದವರು ತಮ್ಮ ಒಲೆಯನ್ನು ಬರೆದುಕೊಳ್ಳಲು ಬಂದಿದ್ದಾರೆ ಎಂದುಕೊಂಡಿದ್ದರು. ಅದು ನನಗೆ ಆಗಲೇ ಅರ್ಥವಾಯಿತು. ಅಲ್ಲ ಎಂದು ಹೇಳುವ ಧೈರ್ಯ ಬರಲಿಲ್ಲ.

ಕಚೇರಿಗೆ ಬಂದು, ಅನುಮೋದಿತ ಮಾದರಿಯಲ್ಲ ಎಂದು ವರದಿ ಬರೆದೆ, ನಕ್ಷೆ ಲಗತ್ತಿಸಿದೆ. ಆದರೆ ಒಲೆ ಒಳ್ಳೆಯದಾಗಿದೆ, ಇಂಥದ್ದಕ್ಕೆ ತಾತ್ಕಾಲಿಕ ಅನುಮತಿ ಕೊಡುವ ನಿಯಮ ಬೇಕು, ಬೇರೆ ರಾಜ್ಯದಿಂದ ಬಂದು ದುಡಿಯುವವರಿಗೆ ದುಡಿಯುವ ಜಾಗದ ವಿಳಾಸವನ್ನೇ ವಿಳಾಸವೆಂದು ಒಪ್ಪಬೇಕು ಎಂದು ಕೆಳಗೆ ನಾಲ್ಕು ಸಾಲು ಸೇರಿಸಿದೆ. ಕಡತ ಮೇಲಕ್ಕೆ ಹೋಯಿತು. ಮೇಲಿನ ವರದಿಗೆ ಬೇಗ ಉತ್ತರ ಬಂತು, ಒಲೆ ತೆರವುಗೊಳಿಸಿ ಎಂದು. ಕೆಳಗಿನ ನಾಲ್ಕು ಸಾಲಿಗೆ ಬರಲಿಲ್ಲ.

ಆದೇಶ ಹಿಡಿದುಕೊಂಡು ಹೋದವಳೂ ನಾನೇ. ಕೂಲಿಯವರನ್ನು ಕರೆತಂದಿದ್ದೆವು. ಭಾಯಿ ಅವರನ್ನು ತಡೆದರು. “ಇವ್ರು ಇಟ್ಟಿಗೆ ಒಡ್ದಾಕ್ತಾರೆ. ನಾನೇ ಬಿಚ್ತೀನಿ ಬುಡಿ.” ಮಧ್ಯಾಹ್ನದವರೆಗೂ ಒಂದೊಂದೇ ಇಟ್ಟಿಗೆ ಬಿಡಿಸಿ, ಮಣ್ಣು ಕೆರೆದು, ಗೋಡೆಯ ಬದಿಗೆ ಸಾಲಾಗಿ ಜೋಡಿಸಿದರು. ಎಲ್ಲ ಮುಗಿದ ಮೇಲೆ ನನ್ನ ಹತ್ತಿರ ಬಂದು ಒಂದೇ ಒಂದು ಮಾತು ಕೇಳಿದರು.

“ಯಾವ ಪೇಪರ್ ಬೇಕಿತ್ತು ಮೇಡಂ? ಮೊದ್ಲೇ ಹೇಳಿದ್ರೆ ತತ್ತಿದ್ನಲ್ಲ.”

ಅಂಥ ಪೇಪರ್ ಇಲ್ಲವೇ ಇಲ್ಲ ಎಂದು ಹೇಗೆ ಹೇಳಲಿ…

ಆಮೇಲೆ ನನಗೆ ಬೇರೆ ತಾಲ್ಲೂಕಿಗೆ ವರ್ಗವಾಯಿತು, ವರ್ಷಗಳು ಹೋದವು. ಈಗ ಆ ಕೈಪಿಡಿಯಲ್ಲಿ ನೋಡಿದರೆ ನನ್ನ ಕೆಳಗಿನ ನಾಲ್ಕು ಸಾಲು ಹೆಚ್ಚುಕಡಿಮೆ ಹಾಗೇ ನಿಯಮಗಳಾಗಿದ್ದವು. ಹೊಸ ಮಾದರಿಗೆ ಪರೀಕ್ಷಾರ್ಥ ಅನುಮತಿ, ದುಡಿಯುವ ಜಾಗದ ವಿಳಾಸಕ್ಕೇ ನೋಂದಣಿ. ನಕ್ಷೆಯಲ್ಲಿ ಆ ಮೂರು ಗೇಣಿನ ಅಳತೆಯನ್ನೇ ಅಂಗುಲಕ್ಕೆ ಬದಲಿಸಿ ಅಚ್ಚುಹಾಕಿದ್ದರು. ನನ್ನ ಹಳೇ ಕಡತ ಎಲ್ಲೆಲ್ಲಿ ಸುತ್ತಿತೋ, ಯಾರು ತೆರೆದು ನೋಡಿದರೋ ಗೊತ್ತಿಲ್ಲ. ಸಭೆ ಮುಗಿಯುವವರೆಗೂ ಕೂರಲಾಗಲಿಲ್ಲ. ಬಸ್ಸು ಹಿಡಿದು ನೇರ ಆಲೆಮನೆಗೆ ಹೋದೆ. ಭಾಯಿಗೆ ಹೇಳಬೇಕಿತ್ತು.

ಒಡತಿಗೆ ವಯಸ್ಸಾಗಿತ್ತು, ಆದರೂ ಗುರುತು ಹಿಡಿದರು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿ ಭಾಯಿ ಎಲ್ಲಿ ಎಂದೆ.

“ಅವ್ನೆಲ್ಲವ್ನೆ ಕಣಮ್ಮ. ಒಲೆ ಕಿತ್ತಾಕದ್ಮೇಲೆ ನಾನೂ ಆಲೆ ನಿಲ್ಲಿಸ್ಬುಟ್ಟೆ. ಮಳವಳ್ಳಿ ಕಡೆ ಇನ್ನೊಂದ್ ಆಲೆಮನೆಗ್ ಸೇರ್ಕಂಡ. ಅಲ್ಲಿ ಅದೇ ಟೈರು. ಎರಡ್ ವರ್ಸಕ್ಕೇ ಉಸ್ರು ನಿಂತ್ಕಂಡ್ತು. ಆಸ್ಪತ್ರೆಲಿ ಕಾರ್ಡ್ ಕೇಳುದ್ರಂತೆ. ಅವ್ನ್ ಕಾರ್ಡ್ ಅವ್ನೂರ್ನಲ್ ಮಾತ್ರ ನಡೀತದಂತೆ. ಅಲ್ಲಿಗೇ ಓಯ್ತೀನಿ ಅಂತ ರೈಲ್ ಅತ್ತಿದ. ಊರು ಮುಟ್ನಿಲ್ಲ.”

ಅಂಗಳದ ಕಲ್ಲಿನ ಮೇಲೆ ಕೂತುಬಿಟ್ಟೆ. ಆಗ ನನಗೆ ವರ್ಗವಾಗಿದ್ದದ್ದು ಅದೇ ಮಳವಳ್ಳಿ ತಾಲ್ಲೂಕಿಗೆ. ನಾನು ಎರಡು ವರ್ಷ ಓಡಾಡಿದ ರಸ್ತೆಯ ಬದಿಯಲ್ಲೇ ಅವರು ಕೆಮ್ಮುತ್ತ ಪಾಕ ತಿರುವುತ್ತಿದ್ದಿರಬೇಕು. ನನಗೆ ಒಂದು ಸಲವೂ ನೆನಪಾಗಿರಲಿಲ್ಲ.

ಒಡತಿಯೇ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ನಕ್ಷೆಯ ಮೇಲೆ ಬೆರಳಾಡಿಸಿದರು. “ನಾನ್ ಅರ್ಜಿ ಆಕ್ತೀನಿ. ಇದೇ ಒಲೆ ಕಟ್ಟಿಸ್ತೀನಿ. ನೀವೇ ಬರ್ಕೊಡಿ.”

ಅರ್ಜಿಯ ನಮೂನೆ ಪುಸ್ತಕದ ಕೊನೆಯಲ್ಲೇ ಇತ್ತು. ತೊಡೆಯ ಮೇಲಿಟ್ಟುಕೊಂಡು ತುಂಬತೊಡಗಿದೆ. ‘ವಿನ್ಯಾಸ ಮಾಡಿದವರ ಹೆಸರು’ ಎಂಬ ಕಾಲಮ್ಮಿಗೆ ಬಂದಾಗ ಪೆನ್ನು ನಿಂತಿತು. ನಾನು ಒಡತಿಯ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಅವರಿಗೂ ಗೊತ್ತಿರಲಿಲ್ಲ.

“ಅಯ್ಯೋ… ಅಷ್ಟ್ ವರ್ಸ ಭಾಯಿ ಅಂತ್ಲೇ ಕೂಗಿದ್ವಲ್ಲವ್ವ,” ಎಂದು ಅವರು ಸೆರಗು ಬಾಯಿಗಿಟ್ಟುಕೊಂಡರು.

ಅವರ ಫೋನಿನಲ್ಲಿ ಭಾಯಿಯ ಮಗಳ ನಂಬರಿತ್ತು. ಹಚ್ಚಿದೆವು. ಯಾವುದೋ ದೂರದ ಊರಿನಿಂದ ಅಚ್ಚ ಮದ್ದೂರಿನ ಕನ್ನಡ ಕೇಳಿಬಂತು. “ಏನವ್ವ, ಚೆಂದಾಗಿದ್ದೀಯಾ? ಈ ಸಲ ಕಬ್ಬು ಎಂಗದೆ?”

ಒಡತಿ ಫೋನು ನನಗೆ ಕೊಟ್ಟರು. ನಾನು ಯಾರೆಂದು ಹೇಳಿದೆ. ಯಾಕೆ ಕೇಳುತ್ತಿದ್ದೇನೆಂದೂ ಹೇಳಿದೆ. ಆಕೆ ಬಯ್ಯಲಿ ಎಂದು ಕಾದೆ. ಬಯ್ಯಲಿಲ್ಲ.

“ಬರ್ಕಳಿ ಮೇಡಂ,” ಎಂದು, ಅಪ್ಪನ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ಬರೆದುಕೊಂಡೆ. ತಪ್ಪಾಗಬಾರದೆಂದು ಗಟ್ಟಿಯಾಗಿ ಓದಿದೆ. ಆ ಕಡೆಯಿಂದ ಅಳುವ ಸದ್ದು ಮಾತ್ರ ಕೇಳಿಸುತ್ತಿತ್ತು.